ಕನ್ನಡಿಯಿಂದ ಜಿಗಿದ ಶತ್ರು

ತೊಂಬತ್ತರ ದಶಕದಲ್ಲಿ ಡೊಂಬಿವಲಿ, ಕಲ್ಯಾಣದ ಕಂಪ್ಯೂಟರ್ ಕ್ಲಾಸುಗಳಿಗೆ ಹೋದವರಿಗೆ ‘ಪ್ರಿನ್ಸ್ ಆಫ್ ಪರ್ಷಿಯಾ’ ನೆನಪಿರಲೇಬೇಕು. ಡಾಸ್ ಕಲಿಯೋಕೆ ಅಂತ ಫೀಸು ಕಟ್ಟಿ, ಸರ್ ಆಚೆ ಹೋದ ತಕ್ಷಣ ಫ್ಲಾಪಿ ಹಾಕಿ ಕತ್ತಿ ಹಿಡಿಯುತ್ತಿದ್ದ ಕಾಲ!

ಅಮೆರಿಕದ ಜೋರ್ಡನ್ ಮೆಕ್ನರ್ ಬರೆದ ಈ ಆಟ ಮೊದಲು ಬಂದದ್ದು 1989ರಲ್ಲಿ, ಆಪಲ್ 2 ಎಂಬ ಮನೆಬಳಕೆಯ ಕಂಪ್ಯೂಟರಿಗೆ. ಡಾಸ್‌ಗೆ ಬಂದದ್ದು 1990ರಲ್ಲಿ. ರಾಜಕುಮಾರನ ಓಟ, ಜಿಗಿತವೆಲ್ಲ ಮೆಕ್ನರ್‌ನ ತಮ್ಮ ಡೇವಿಡ್‌ನದು. ಅವನನ್ನು ಓಡಿಸಿ, ಹಾರಿಸಿ, ವಿಡಿಯೋ ತೆಗೆದು, ಒಂದೊಂದೇ ಭಂಗಿಯನ್ನು ಚಿತ್ರವಾಗಿಸಿದ್ದು.

ಆ ಚಿತ್ರಗಳೇ ಮೆಮೊರಿಯನ್ನೆಲ್ಲ ನುಂಗಿಬಿಟ್ಟವು. ಕಾದಾಟವಿಲ್ಲದೆ ಆಟ ಸಪ್ಪೆ ಅಂತ ಗೆಳತಿ ಟೋಮಿ ಪಿಯರ್ಸ್ ಪಟ್ಟು ಹಿಡಿದಳು, ಆದರೆ ಎದುರಾಳಿಗೆ ಜಾಗವೆಲ್ಲಿ? ರಾಜಕುಮಾರನ ಚಿತ್ರಗಳನ್ನೇ ಬೇರೆ ಥರ ತೋರಿಸಿ ‘ನೆರಳು ಮನುಷ್ಯ’ನನ್ನು ಹುಟ್ಟಿಸಿದರು. ಆಮೇಲೆ ಅಷ್ಟಿಷ್ಟು ಜಾಗ ಹೊಂದಿಸಿ ಕಾವಲುಗಾರರೂ ಬಂದರು. ಅವರ ಕತ್ತಿವರಸೆ 1938ರ ರಾಬಿನ್ ಹುಡ್ ಸಿನಿಮಾದ್ದು.

ನನಗಂತೂ ನೆರಳೇ ಇಷ್ಟ. ನಾಲ್ಕನೇ ಹಂತದಲ್ಲಿ ಕನ್ನಡಿಯೊಳಗೆ ಹಾರಿದಾಗ ಹೊರಬೀಳುತ್ತಾನೆ, ಮುಂದೆ ನಮ್ಮ ಮದ್ದು ಕುಡಿದು ಓಡುತ್ತಾನೆ, ಹನ್ನೆರಡನೆಯದರಲ್ಲಿ ಕತ್ತಿ ಹಿರಿದು ನಿಲ್ಲುತ್ತಾನೆ. ಅವನಿಗೆ ಹೊಡೆದರೆ ಪೆಟ್ಟು ನಮಗೂ! 60 ನಿಮಿಷದ ಗಡುವು ಬೇರೆ ಓಡುತ್ತಿರುತ್ತದೆ... ಕತ್ತಿಯನ್ನು ಒರೆಗೆ ಸೇರಿಸಿ ಸುಮ್ಮನೆ ಅವನತ್ತ ನಡೆದರೆ ಇಬ್ಬರೂ ಒಂದಾಗುತ್ತಾರೆ, ದಾರಿ ತೆರೆಯುತ್ತದೆ.