ಹಚ್ಚೆ: ಚರ್ಮದ ಮೇಲಿನ ಚರಿತ್ರೆ

ಕುಂದಾಪುರ, ಬೈಂದೂರು, ಬ್ರಹ್ಮಾವರದ ಹಳ್ಳಿಗಳಲ್ಲಿ ಹಳೆಯ ತಲೆಮಾರಿನ ಅಜ್ಜಿಯಂದಿರ ಮುಂಗೈಯನ್ನು ವಿದ್ಯಾರ್ಥಿಗಳು ಗಮನಿಸಿರಬಹುದು. ಸುಕ್ಕುಗಟ್ಟಿದ ಚರ್ಮದಲ್ಲಿ ಹಸಿರುಮಿಶ್ರಿತ ನೀಲಿಯ ಚುಕ್ಕಿ, ಹೂವು, ಕೆಲವೊಮ್ಮೆ ಒಂದು ಹೆಸರು. ಅದೇ ಹಚ್ಚೆ. ಉರ್ದುವಿನಲ್ಲಿ ಗೋದ್ನಾ; ಚುಚ್ಚುವುದು ಎಂಬುದೇ ಆ ಪದದ ಅರ್ಥ. ಅರಬಿಯಲ್ಲಿ ವಶ್ಮ್. ಇಸ್ಲಾಮಿಗೆ ಮುಂಚಿನ ಅರಬ್ ಕವಿ ತರಫಾ, ಪ್ರಿಯತಮೆಯ ಬಿಡಾರದ ಅಳಿದುಳಿದ ಗುರುತುಗಳನ್ನು ಕೈಮೇಲಿನ ಮಾಸಿದ ಹಚ್ಚೆಗೆ ಹೋಲಿಸಿದ್ದಾನೆ. ಹದೀಸ್‌ಗಳಲ್ಲಿ ನಿಷೇಧವಿರುವುದರಿಂದ ನಮ್ಮ ಮನೆಗಳಲ್ಲಿ ಈ ರೂಢಿ ಬೇರೂರಲಿಲ್ಲ. ಆದರೆ ನೆರೆಹೊರೆಯವರ ಚರಿತ್ರೆಯನ್ನು ಓದಲು ಅದು ಅಡ್ಡಿಯಲ್ಲ.

ಕನ್ನಡ ನಾಡಿನಲ್ಲಿ ಹಚ್ಚೆ ಹೊಯ್ಯುವುದು ಬಹುಪಾಲು ಕೊರವ, ಕೊರಚ, ಕೊರಮ ಹೆಂಗಸರ ಕಸುಬು. ಕಣಿ ಹೇಳುವ ಕೊರವಂಜಿಯೂ ಇವರೇ. (ಹೆಸರಿನ ಹೋಲಿಕೆಯಿಂದ ನಮ್ಮ ಕರಾವಳಿಯ ಕೊರಗರೊಂದಿಗೆ ಇವರನ್ನು ಬೆರೆಸಬಾರದು, ಇಬ್ಬರೂ ಬುಟ್ಟಿ ಹೆಣೆಯುತ್ತಾರಾದರೂ ಜನಾಂಗ ಬೇರೆ.) ದೀಪದ ಕಾಡಿಗೆಯನ್ನು ಕಲಸಿ, ಒಟ್ಟಿಗೆ ಕಟ್ಟಿದ ಸೂಜಿಗಳಿಂದ ಚುಚ್ಚಿ, ಮೇಲೆ ಅರಿಸಿನ ಸವರುತ್ತಿದ್ದರು. ನೋವು ಮರೆಸಲು ಹಾಡು ಹೇಳುತ್ತಿದ್ದರೆಂದು ಎಡ್ಗರ್ ಥರ್ಸ್ಟನ್ ದಾಖಲಿಸಿದ್ದಾನೆ. ಕಾಡಿಗೆ ಕಪ್ಪು, ಹಚ್ಚೆ ಮಾತ್ರ ನೀಲಿ ಏಕೆ? ಬಣ್ಣ ಒಳಚರ್ಮದಲ್ಲಿ ನಿಲ್ಲುತ್ತದೆ. ಮೇಲ್ಚರ್ಮದ ಮೂಲಕ ಬೆಳಕು ಚದುರಿ ಬರುವಾಗ ನಮಗೆ ಹಾಗೆ ಕಾಣುತ್ತದೆ.

ಚೇಳು, ಮೀನು, ತಾವರೆ, ನಕ್ಷತ್ರ, ಗಂಡನ ಹೆಸರು ಇವು ಸಾಮಾನ್ಯ ಚಿತ್ರಗಳು. ಚಿನ್ನವನ್ನು ಅಡವಿಡಬಹುದು, ಕಳ್ಳ ಕದಿಯಬಹುದು, ಗಂಡ ಸತ್ತಾಗ ಬಳೆ ಒಡೆಯಬಹುದು. ಹಚ್ಚೆಯನ್ನು ಯಾರೂ ಕಸಿಯಲಾರರು. ಸತ್ತ ಮೇಲೂ ಜೊತೆಗೆ ಬರುವ ಒಡವೆ ಇದೊಂದೇ ಎಂಬ ನಂಬಿಕೆ ಮಧ್ಯಪ್ರದೇಶದ ಬೈಗಾ ಹೆಂಗಸರಲ್ಲೂ ಇದೆ. ಅಲ್ಲಿ ಹುಡುಗಿಯ ಹಣೆಯಿಂದ ಆರಂಭವಾಗುವ ಹಚ್ಚೆ ವಯಸ್ಸಿಗೆ ತಕ್ಕಂತೆ ತೋಳು, ಬೆನ್ನು, ಕಾಲಿಗೆ ಹಬ್ಬುತ್ತದೆ. ಅಂದರೆ ಬಡವರ ಹೆಣ್ಣುಮಕ್ಕಳಿಗೆ ಇದು ಆಸ್ತಿಯೂ ಹೌದು, ಜೀವನದ ದಾಖಲೆಯೂ ಹೌದು.

ಅರುಣಾಚಲದ ಅಪತಾನಿ ಹೆಂಗಸರ ಮುಖದ ಹಚ್ಚೆಗೆ ಬೇರೆಯೇ ಕಥೆ ಹೇಳುತ್ತಾರೆ: ಹೊರಗಿನವರು ಅಪಹರಿಸದಿರಲೆಂದು ಅವರನ್ನು ಕುರೂಪಗೊಳಿಸಿದರಂತೆ. ನನಗೆ ಇದು ಹೊರಗಿನವರು ಕಟ್ಟಿದ ಕಥೆಯಂತೆಯೇ ತೋರುತ್ತದೆ. ಅಲ್ಲಿ ಗಂಡಸರೂ ಗಲ್ಲಕ್ಕೆ ಹಚ್ಚೆ ಹೊಯ್ಯಿಸಿಕೊಳ್ಳುತ್ತಿದ್ದರಲ್ಲ! 1970ರ ದಶಕದಲ್ಲಿ ಅಲ್ಲಿನ ಯುವಕರೇ ಅದನ್ನು ನಿಲ್ಲಿಸಿದರು. ಓದಿಗೆ, ನೌಕರಿಗೆ ಹೊರಗೆ ಹೋದವರು ಮುಖದ ಗುರುತಿನಿಂದ ಅವಮಾನ ಅನುಭವಿಸುತ್ತಿದ್ದರು.

ಗುರುತನ್ನು ಶಿಕ್ಷೆಯಾಗಿಸಿದವರೂ ಇದ್ದಾರೆ. ಈಸ್ಟ್ ಇಂಡಿಯಾ ಕಂಪೆನಿ 1797ರಲ್ಲಿ ಬಂಗಾಳದಲ್ಲಿ ಜೀವಾವಧಿ ಕೈದಿಗಳ ಹಣೆಗೆ ಗೋದ್ನಾ ಹಾಕಿಸುವ ಕಾನೂನು ತಂದಿತು. ಹೆಸರು, ಅಪರಾಧ, ಶಿಕ್ಷೆಯ ದಿನಾಂಕ ಎಲ್ಲವೂ ಹಣೆಯ ಮೇಲೆ! 1849ರಲ್ಲಿ ಅದು ರದ್ದಾಯಿತು. ಆದರೆ ಅಪರಾಧಿ ಬುಡಕಟ್ಟುಗಳ ಕಾಯಿದೆ 1871ರಲ್ಲಿ ಬಂತು. 1911ರ ಹೊಸ ಕಾಯಿದೆಯೊಂದಿಗೆ ಮದ್ರಾಸ್ ಪ್ರಾಂತಕ್ಕೂ ವಿಸ್ತರಿಸಿತು. ನಮ್ಮ ಕುಂದಾಪುರವೂ ಆಗ ಅದೇ ಪ್ರಾಂತದಲ್ಲಿತ್ತು. ಊರೂರು ಅಲೆದು ಹಚ್ಚೆ ಹೊಯ್ಯುತ್ತಿದ್ದ ಕೊರವರು ಹುಟ್ಟಿನಿಂದಲೇ ಅಪರಾಧಿಗಳೆಂದು ಪಟ್ಟಿಗೆ ಸೇರಿದರು. ಅಲೆದಾಟವೇ ಅವರ ಕಸುಬಾಗಿದ್ದಾಗ ಅದನ್ನೇ ಅಪರಾಧ ಎಂದರೆ ಹೊಟ್ಟೆಪಾಡು ಹೇಗೆ? ಕಾಯಿದೆ ರದ್ದಾದದ್ದು 1952ರಲ್ಲಿ.

ಈಗ ಪೇಟೆಗಳಲ್ಲಿ ಯಂತ್ರದ ಟ್ಯಾಟೂ ಅಂಗಡಿಗಳಿವೆ. ಸೇನೆಗೆ ಸೇರಬಯಸುವವರಿಗೆ ಒಂದು ಮಾತು ತಿಳಿದಿರಲಿ: ಮುಂಗೈಯ ಒಳಭಾಗ ಮತ್ತು ಅಂಗೈಯ ಹಿಂಬದಿ ಬಿಟ್ಟು ಬೇರೆಡೆ ಶಾಶ್ವತ ಹಚ್ಚೆಯಿದ್ದರೆ ಭರ್ತಿಯಿಲ್ಲ. ಬುಡಕಟ್ಟು ಸಮುದಾಯಗಳ ಸಾಂಪ್ರದಾಯಿಕ ಹಚ್ಚೆಗೆ ವಿನಾಯಿತಿ ಇದೆ. ಕೊರವರ ಬಂಧುಗಳಾದ ಆಂಧ್ರದ ಎರುಕಲರು ಪರಿಶಿಷ್ಟ ಪಂಗಡ. ಕರ್ನಾಟಕದ ಕೊರಚ, ಕೊರಮರು ಮಾತ್ರ ಪರಿಶಿಷ್ಟ ಜಾತಿಯ ಪಟ್ಟಿಯಲ್ಲಿದ್ದಾರೆ.