ಕೊಳೆಯದ ಒಡಲು: ಹಳೆಯ ಫೈಬರ್ ದೋಣಿಗಳ ವಿಲೇವಾರಿ ಮತ್ತು ಅದರ ಹೊಣೆ

1. ಪೀಠಿಕೆ

ಮರದ ದೋಣಿಗೆ ಮುಪ್ಪು ಬಂದರೆ ಕಡಲತಡಿಯವರಿಗೆ ಅದೊಂದು ಚಿಂತೆಯಾಗಿರಲಿಲ್ಲ. ಗಟ್ಟಿ ಹಲಗೆ ಮತ್ತೊಂದು ಕೆಲಸಕ್ಕೆ ಒದಗುತ್ತಿತ್ತು, ಲಡ್ಡಾದದ್ದು ಒಲೆ ಸೇರುತ್ತಿತ್ತು, ಮರಳಲ್ಲಿ ಬಿಟ್ಟದ್ದನ್ನು ಹುಳು ತಿಂದು ಮುಗಿಸುತ್ತಿತ್ತು. ಫೈಬರ್ ದೋಣಿಗೆ ಈ ಮೂರು ದಾರಿಯೂ ಇಲ್ಲ.

ಭಾರತದ ಪೂರ್ವ ಕರಾವಳಿಗೆ ಫೈಬರ್ ದೋಣಿಯನ್ನು ಪರಿಚಯಿಸುವಲ್ಲಿ 1979ರಲ್ಲಿ ಮದರಾಸಿನಲ್ಲಿ ನೆಲೆಯೂರಿದ ಬಂಗಾಳ ಕೊಲ್ಲಿ ಮೀನುಗಾರಿಕಾ ಕಾರ್ಯಕ್ರಮದ ಪಾಲು ದೊಡ್ಡದು. 2004ರ ಡಿಸೆಂಬರ್ 26ರ ಸುನಾಮಿಯ ತರುವಾಯ ತಮಿಳುನಾಡಿನ ಕಡಲತಡಿಯಲ್ಲಿ ಕಟ್ಟುಮರಗಳ ಜಾಗಕ್ಕೆ ಪರಿಹಾರವಾಗಿ ಬಂದದ್ದು ಬಹುಪಾಲು ಫೈಬರ್ ದೋಣಿಗಳೇ. ಆಗ ಅಚ್ಚಿನಿಂದ ಇಳಿದ ಒಡಲುಗಳಿಗೆ ಈಗ ಇಪ್ಪತ್ತು ವರ್ಷ ದಾಟಿದೆ. ಇವನ್ನು ವಿಲೇವಾರಿ ಮಾಡುವ ತಂತ್ರ ಇಲ್ಲವೆಂದಲ್ಲ. ಕತ್ತರಿಸುವ, ಸಾಗಿಸುವ ಖರ್ಚು ಯಾರದೆಂಬುದು ತೀರ್ಮಾನವಾಗಿಲ್ಲ ಎಂಬುದೇ ಈ ಲೇಖನದ ವಾದ.

2. ವಸ್ತುವಿನ ಗುಣ

ಹಳೆಯ ಒಡಲನ್ನು ಗ್ರೈಂಡರಿನಿಂದ ಕೊಯ್ದು ಅಂಚನ್ನು ನೋಡಿದರೆ ಅದರ ಕಟ್ಟಡ ಕಣ್ಣಿಗೆ ಬೀಳುತ್ತದೆ. ಹೊರಗೆ ಉಗುರಿನಷ್ಟು ತೆಳುವಾದ ಬಣ್ಣದ ಪದರ. ಒಳಗೆ ಒಂದರ ಮೇಲೊಂದು ಗಾಜಿನ ನಾರಿನ ಚಾಪೆಗಳು. ಅವನ್ನು ಕಚ್ಚಿ ಹಿಡಿದ ಜೇನುಬಣ್ಣದ ರಾಳ. ಕೆಲವೆಡೆ ನಡುವೆ ನೀರು ಕುಡಿದು ಕಪ್ಪಾದ ಪ್ಲೈವುಡ್. ಕೊಯ್ಯುವಾಗ ಏಳುವ ಬಿಳಿ ಧೂಳು ಬೆವರಿಗೆ ಅಂಟಿ ಚರ್ಮವನ್ನು ತುರಿಸುತ್ತದೆ.

ಪಾಲಿಯೆಸ್ಟರ್ ರಾಳಕ್ಕೆ ಗಟ್ಟಿಕಾರಕ ಬೆರೆಸಿದಾಗ ಅದರ ಸರಪಳಿಗಳು ಸ್ಟೈರೀನ್ ಮೂಲಕ ಒಂದಕ್ಕೊಂದು ಹೆಣೆದುಕೊಳ್ಳುತ್ತವೆ. ಹಾಗೆ ಗಟ್ಟಿಯಾದದ್ದು ಎಷ್ಟು ಕಾಯಿಸಿದರೂ ಪ್ಲಾಸ್ಟಿಕ್ ಬಿಂದಿಗೆಯಂತೆ ಕರಗಿ ಹೊಸ ಆಕಾರ ತಾಳದು. ಬಯಲಲ್ಲಿ ಸುಟ್ಟರೆ ರಾಳ ದಟ್ಟ ಕರಿಹೊಗೆಯಾಗಿ ಏಳುತ್ತದೆ, ಗಾಜು ಮಾತ್ರ ಹಾಗೇ ಉಳಿಯುತ್ತದೆ.

ಬಿಟ್ಟ ದೋಣಿ ಬಿದ್ದಲ್ಲೇ ಇರುತ್ತದೆ, ಯಾರಿಗೂ ತೊಂದರೆಯಿಲ್ಲ ಎನ್ನುವಂತಿಲ್ಲ. ಅದರ ಗಾಜು ಸವೆದು ನೀರು ಸೇರುತ್ತದೆ. ಇಂಗ್ಲೆಂಡಿನ ಚಿಚೆಸ್ಟರ್ ಬಂದರಿನಲ್ಲಿ ಬ್ರೈಟನ್ ವಿಶ್ವವಿದ್ಯಾಲಯದ ಸಂಶೋಧಕರು ನಡೆಸಿ 2024ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಸಿಂಪಿಯ ಒಂದು ಕಿಲೋ ಮಾಂಸದಲ್ಲಿ 11,220ರವರೆಗೂ ನೀಲಿಕಲ್ಲು ಎಂಬ ಚಿಪ್ಪುಜೀವಿಯಲ್ಲಿ 2,740ರವರೆಗೂ ಗಾಜಿನ ಕಣಗಳು ಕಂಡುಬಂದವು. ಅಳಿವೆಯಲ್ಲಿ ಮಳಿ ಚಿಪ್ಪು, ನೀಲಿಕಲ್ಲು ಹೆಕ್ಕಿ ಉಣ್ಣುವ ನಮ್ಮ ಕರಾವಳಿಗೂ ಇದು ಎಚ್ಚರಿಕೆಯ ಮಾತು.

3. ಇರುವ ದಾರಿಗಳು

ನೆಲದಲ್ಲಿ ಹೂಳುವುದು ಸುಲಭ. ಆದರೆ ಅದರಿಂದ ಹೊರೆ ಮುಂದಿನವರ ತಲೆಗೆ ಹೋಗುತ್ತದೆ. ಗಾಳಿಯಿಲ್ಲದೆ ಕಾಯಿಸಿ ರಾಳವನ್ನು ಬಿಡಿಸಿದರೆ ನಾರು ಸಿಗುತ್ತದೆ, ಆದರೆ ಆ ಕಾವಿಗೆ ಅದರ ಬಲ ಕುಂದುತ್ತದೆ. ಹೊಸ ಗಾಜಿನ ನಾರೇ ಅಗ್ಗವಾಗಿರುವಾಗ ಅದನ್ನು ಕೊಳ್ಳುವವರು ಕಡಿಮೆ.

ಈಗ ಪಳಗಿರುವ ದಾರಿ ಸಿಮೆಂಟ್ ಗೂಡು. ಚೂರು ಮಾಡಿದ ಒಡಲನ್ನು ಗೂಡಿಗೆ ಹಾಕಿದರೆ ರಾಳ ಉರಿದು ಕಲ್ಲಿದ್ದಲಿನ ಒಂದಂಶವನ್ನು ಉಳಿಸುತ್ತದೆ. ಗಾಜಿನಲ್ಲಿರುವ ಸಿಲಿಕಾ, ಸುಣ್ಣ, ಅಲ್ಯೂಮಿನಾ ಸಿಮೆಂಟಿಗೂ ಬೇಕಾದವೇ. ಸುಮಾರು 1,450 ಡಿಗ್ರಿ ಕಾವಿನಲ್ಲಿ ಅವು ಅದರೊಳಗೇ ಬೆರೆಯುತ್ತವೆ, ಬೂದಿಯೆಂದು ಬೇರೆ ಉಳಿಯುವುದಿಲ್ಲ. ಗಾಜಿನ ಬೋರಾನ್ ಹೆಚ್ಚಾದರೆ ಸಿಮೆಂಟ್ ಗಟ್ಟಿಯಾಗುವುದು ನಿಧಾನವಾಗುವುದರಿಂದ ಪ್ರಮಾಣಕ್ಕೆ ಮಿತಿ ಬೇಕು. ಜರ್ಮನಿಯ ಲೇಗರ್‌ಡಾರ್ಫ್‌ನಲ್ಲಿ ಗಾಳಿಯಂತ್ರಗಳ ರೆಕ್ಕೆಗಳು ಹೀಗೇ ಸಿಮೆಂಟಾಗಿವೆ. ನಮ್ಮ ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ 2016ರ ಮಾರ್ಗಸೂಚಿಯೂ ಫೈಬರ್ ತ್ಯಾಜ್ಯಕ್ಕೆ ಸಿಮೆಂಟ್ ಗೂಡಿನತ್ತಲೇ ಬೆರಳು ತೋರುತ್ತದೆ.

4. ಖರ್ಚಿನ ಪ್ರಶ್ನೆ

ಹಾಗಾದರೆ ತೊಡಕೆಲ್ಲಿ? ಕರ್ನಾಟಕದ ನಕಾಶೆಯಲ್ಲೇ ಉತ್ತರವಿದೆ. ಫೈಬರ್ ದೋಣಿಗಳಿರುವುದು ಮಲ್ಪೆ, ಗಂಗೊಳ್ಳಿ, ಕಾರವಾರಗಳಲ್ಲಿ. ದೊಡ್ಡ ಸಿಮೆಂಟ್ ಗೂಡುಗಳಿರುವುದು ಕಲಬುರಗಿಯ ವಾಡಿ, ಸೇಡಂ, ಮಳಖೇಡಗಳಲ್ಲಿ. ಮಲ್ಪೆಯಿಂದ ವಾಡಿಗೆ 500 ಕಿ.ಮೀ.ಗೂ ಹೆಚ್ಚು ದಾರಿ. ಇಡೀ ದೋಣಿಯನ್ನು ಲಾರಿಗೆ ಹೇರಿದರೆ ಬಾಡಿಗೆ ಕೊಡುವುದು ಹೆಚ್ಚಾಗಿ ಅದರ ಹೊಟ್ಟೆಯೊಳಗಿನ ಗಾಳಿಗೆ. ಎಂಜಿನ್ ಬಿಚ್ಚಿದ ಮೇಲೆ ಗುಜರಿಯವನೂ ಮುಟ್ಟದ ಒಡಲಿಗೆ ಮೀನುಗಾರ ಈ ದುಡ್ಡು ಸುರಿಯಬೇಕೆನ್ನುವುದು ನ್ಯಾಯವಲ್ಲ.

ಫ್ರಾನ್ಸ್ ಈ ಗಂಟನ್ನು ಬಿಡಿಸಲು ಮುಂದಾದ ದೇಶ. ಅಲ್ಲಿ 2019ರಿಂದ ವಿಹಾರದೋಣಿಗಳ ತಯಾರಕರು ಮತ್ತು ಆಮದುದಾರರು ಕೊಡುವ ವಂತಿಗೆಯಿಂದ ‘ಆಪೆರ್’ ಸಂಸ್ಥೆ ಹಳೆಯ ದೋಣಿಗಳನ್ನು ಬಿಚ್ಚಿಸುತ್ತಿದೆ. ದೋಣಿಗಳ ಮೇಲಿನ ತೆರಿಗೆಯ ಒಂದು ಪಾಲೂ ಇದಕ್ಕೆ ಸಲ್ಲುತ್ತದೆ. ಬಿಚ್ಚುವುದು ಒಡೆಯನಿಗೆ ಉಚಿತ, ಕೇಂದ್ರದವರೆಗಿನ ಸಾಗಣೆ ಮಾತ್ರ ಅವನ ಪಾಲಿನದು. ಹೊಣೆಯನ್ನು ದೋಣಿಯ ಹುಟ್ಟಿನೊಂದಿಗೇ ಕಟ್ಟಿದ್ದು ಅಲ್ಲಿಂದ ಕಲಿಯಬೇಕಾದ ಪಾಠ. ಸಾಗಣೆಯನ್ನು ಹೊರಗಿಟ್ಟದ್ದು ನಾವು ತಿದ್ದಿಕೊಳ್ಳಬೇಕಾದದ್ದು.

ನಮ್ಮಲ್ಲಿ 2019ರ ಹಡಗು ಮರುಬಳಕೆ ಕಾಯ್ದೆಯ ಕಣ್ಣಿರುವುದು ದೊಡ್ಡ ಹಡಗುಗಳ ಮೇಲೆ. ಆಯುಸ್ಸು ತೀರಿದ ವಾಹನಗಳಿಗೆ 2025ರ ನಿಯಮಗಳಲ್ಲಿ ತಯಾರಕರ ಹೊಣೆ ಗೊತ್ತುಪಡಿಸಲಾಗಿದೆ. ನಡುವೆ ಉಳಿದದ್ದು ದೋಣಿ.

5. ಸಮಾರೋಪ

ಆದ್ದರಿಂದ ಮೊದಲು ಬೇಕಾದದ್ದು ಹೊಸ ಯಂತ್ರವಲ್ಲ. ಪ್ರತಿ ಮೀನುಗಾರಿಕಾ ಬಂದರಿನಲ್ಲಿ ಧೂಳು ಹೊರಬೀಳದ ಒಂದು ಕತ್ತರಿಸುವ ಕೊಟ್ಟಿಗೆ, ಕೆಲಸಗಾರರಿಗೆ ಮುಖಗವಸು ಮತ್ತು ಕೈಗವಸು, ಚೂರು ತುಂಬಿದ ಲಾರಿ ಗೂಡಿಗೆ ಹೋಗುವ ಏರ್ಪಾಡು, ಹೊಸ ದೋಣಿ ಮಾರುವಾಗಲೇ ಈ ಖರ್ಚಿಗೆಂದು ತಯಾರಕ ತೆಗೆದಿಡುವ ಹಣ. ಈಗಾಗಲೇ ದಡದಲ್ಲಿ ಬಿದ್ದಿರುವವಕ್ಕೆ ಸರ್ಕಾರವೇ ಕೈಹಾಕಬೇಕು. ಅವುಗಳಲ್ಲಿ ಎಷ್ಟೋ ಒಡಲುಗಳು ನೀರಿಗಿಳಿದದ್ದೇ ಸಬ್ಸಿಡಿಯ, ಪರಿಹಾರದ ಹಣದಿಂದ. ದೋಣಿ ಕೊಡಿಸಿದ ಕೈಯೇ ಅದನ್ನು ದಡದಿಂದ ಎತ್ತುವುದೂ ಧರ್ಮ.