ಓಪನ್ ಬ್ಯಾಕ್ ಹೆಡ್‌ಫೋನ್: ‘ತಟಸ್ಥ’ ದನಿ ಅಂದ್ರೇನು, ಅದನ್ನು ಕೇಳೋಕೆ ನಿಶ್ಶಬ್ದ ಎಲ್ಲಿದೆ?

ರಾತ್ರಿ ಹತ್ತರ ಮೇಲೆ ಜ್ಞಾನಭಾರತಿ ಕ್ಯಾಂಪಸ್‌ನ ಮರಗಳ ನಡುವೆ ಜೀರುಂಡೆ ಸದ್ದು ಕೇಳಿಸುತ್ತೆ. ಅಲ್ಲಿಂದ ಮೈಸೂರು ರಸ್ತೆಗೆ ಬಂದರೆ ಲಾರಿ, ಬಸ್ಸು, ಹಾರ್ನ್ ಬಿಟ್ಟು ಬೇರೇನೂ ಕೇಳಿಸಲ್ಲ. ಸಂಗೀತವನ್ನು ಗಮನವಿಟ್ಟು ಕೇಳಲು ಓಪನ್ ಬ್ಯಾಕ್ ಹೆಡ್‌ಫೋನ್ ಕೊಳ್ಳುವವರಿಗೆ ಮೊದಲ ಪ್ರಶ್ನೆ: ನಿಮ್ಮ ಕೋಣೆ ಇವೆರಡರಲ್ಲಿ ಯಾವುದಕ್ಕೆ ಹತ್ತಿರ?

ಓಪನ್ ಬ್ಯಾಕ್ ಅಂದ್ರೆ

ಕಪ್ಪಿನ ಹಿಂಬದಿ ಮುಚ್ಚದೆ ಜಾಲರಿ ಬಿಟ್ಟಿರುವ ಹೆಡ್‌ಫೋನ್ ಇದು. ಡಯಾಫ್ರಮ್‌ನ ಹಿಂಬದಿಯ ಶಬ್ದ ಕಪ್ಪಿನೊಳಗೆ ಬಡಿದು ವಾಪಸ್ ಬರದೆ ಆಚೆ ಹೋಗುತ್ತೆ. ಹಾಗಾಗಿ ಡಬ್ಬದೊಳಗಿಂದ ಹಾಡಿದಂತೆ ಅನಿಸಲ್ಲ. ಜರ್ಮನಿಯ ಸೆನ್‌ಹೈಸರ್ 1968ರಲ್ಲಿ ತಂದ ಎಚ್‌ಡಿ 414 ಈ ಬಗೆಯ ಮೊದಲನೆಯದು. ಬೆಲೆ ತೆರಬೇಕಾದ್ದೂ ಇದೆ: ಹಾಡು ಹೊರಗೆ ಸೋರುತ್ತೆ, ಊರಿನ ಸದ್ದು ಒಳಗೆ ಬರುತ್ತೆ. ಮೆಟ್ರೋ, ಹಾಸ್ಟೆಲ್, ಲೈಬ್ರರಿಗೆ ಆಗಿಬರಲ್ಲ.

ತಟಸ್ಥ ಅಂದ್ರೆ

ರಾಜಕೀಯದಲ್ಲಿ ‘ನಾನು ತಟಸ್ಥ’ ಅನ್ನುವವರನ್ನು ಅನುಮಾನದಿಂದ ನೋಡೋದು ನಮಗೆ ರೂಢಿ. ಇಲ್ಲೂ ಅದೇ ಅನುಮಾನ ಇರಲಿ. ಗ್ರಾಫ್‌ನಲ್ಲಿ ನೇರ ಗೆರೆ ಬಂದರೆ ತಟಸ್ಥ ಅಂದುಕೊಳ್ಳೋದು ತಪ್ಪು. ಸ್ಪೀಕರ್‌ನ ಶಬ್ದ ನಮ್ಮ ಕಿವಿಯ ಹಾಲೆ, ಕಾಲುವೆ ದಾಟಿ ತಮಟೆ ಮುಟ್ಟುವಷ್ಟರಲ್ಲಿ 3 ಕಿಲೋಹರ್ಟ್ಸ್ ಆಸುಪಾಸಿನಲ್ಲಿ ಸಹಜವಾಗಿಯೇ ಜೋರಾಗಿರುತ್ತೆ. ಹೆಡ್‌ಫೋನ್ ಆ ಏರಿಕೆಯನ್ನು ಉಳಿಸಿಕೊಡಬೇಕು. ಇಲ್ಲದಿದ್ದರೆ ಗಾಯಕರು ಪರದೆ ಹಿಂದೆ ನಿಂತ ಹಾಗಿರುತ್ತೆ. ಎಷ್ಟು ಏರಿಕೆ ಬೇಕು? ಹಾರ್ಮನ್ ಕಂಪನಿಯಲ್ಲಿ ಶಾನ್ ಆಲಿವ್ ಮತ್ತು ಸಂಗಡಿಗರು 2010ರ ದಶಕದಲ್ಲಿ ಕೇಳುಗರನ್ನು ಕೂರಿಸಿ ಪರೀಕ್ಷಿಸಿ ಒಂದು ಗುರಿರೇಖೆ ರೂಪಿಸಿದರು. ಒಳ್ಳೆಯ ಕೋಣೆಯಲ್ಲಿಟ್ಟ ಒಳ್ಳೆಯ ಸ್ಪೀಕರ್‌ನ ದನಿ ಅದರ ಆಧಾರ. ಅದು ಬಹುಮತದ ಅಭಿರುಚಿ, ದೈವವಾಣಿಯಲ್ಲ. ಆದರೂ ಜಾಹೀರಾತಿನ ವಿಶೇಷಣಗಳಿಗಿಂತ ಬಹಿರಂಗವಾಗಿರುವ ಅಳತೆಗೋಲು ಮೇಲು.

ಯಾವುದು ಹೇಗಿದೆ?

- ಸೆನ್‌ಹೈಸರ್ ಎಚ್‌ಡಿ 600: 1997ರಿಂದ ಇದೆ. 300 ಓಮ್. ಕಂಠ ಬಹಳ ಸಹಜ, ತೀರಾ ಕೆಳಗಿನ ಬೇಸ್ ಕಡಿಮೆ.
- ಸೆನ್‌ಹೈಸರ್ ಎಚ್‌ಡಿ 560ಎಸ್: 2020. 120 ಓಮ್. ಬೇಸ್ ಇನ್ನಷ್ಟು ಕೆಳಗಿಳಿಯುತ್ತೆ, ಮೇಲಿನ ಸ್ವರ ತುಸು ಚುರುಕು.
- ಎಕೆಜಿ ಕೆ702: 62 ಓಮ್. ಹರವು ದೊಡ್ಡದು, ಬೇಸ್ ತೆಳು. ಓಮ್ ಕಡಿಮೆಯಿದ್ದರೂ ಶಕ್ತಿ ಹೆಚ್ಚು ಬೇಡುತ್ತೆ.
- ಫಿಲಿಪ್ಸ್ ಎಸ್‌ಎಚ್‌ಪಿ9500: 32 ಓಮ್. ಫೋನ್ ಅಥವಾ ಲ್ಯಾಪ್‌ಟಾಪ್ ಸಾಕು.
- ಬೇಯರ್‌ಡೈನಾಮಿಕ್ ಡಿಟಿ 990 ಪ್ರೊ: ಓಪನ್ ಬ್ಯಾಕ್ ಹೌದು, ತಟಸ್ಥ ಅಲ್ಲ. ಮೇಲಿನ ಸ್ವರ ಚುಚ್ಚುತ್ತೆ.

ಓಮ್ ಲೆಕ್ಕ ಸುಲಭ. 1 ವೋಲ್ಟ್ ಕೊಟ್ಟರೆ 32 ಓಮ್‌ಗೆ ಸುಮಾರು 31 ಮಿಲಿವ್ಯಾಟ್ ಸಿಗುತ್ತೆ, 300 ಓಮ್‌ಗೆ 3.3 ಮಾತ್ರ. ಅಂದ್ರೆ ಎಚ್‌ಡಿ 600 ತಗೊಂಡರೆ ಆಂಪ್ಲಿಫೈಯರ್ ಖರ್ಚನ್ನೂ ಸೇರಿಸಿಕೊಳ್ಳಿ.

ಪರೀಕ್ಷಿಸೋದು ಹೇಗೆ?

ಗೊತ್ತಿರುವ ಹಾಡನ್ನೇ ಕೇಳಿ. ಎರಡು ಹೆಡ್‌ಫೋನ್ ಹೋಲಿಸುವಾಗ ವಾಲ್ಯೂಮ್ ಒಂದೇ ಮಟ್ಟದಲ್ಲಿರಲಿ, ಯಾಕಂದ್ರೆ ಜೋರಾಗಿರೋದೇ ಚೆನ್ನಾಗಿದೆ ಅನಿಸುತ್ತೆ. ಮಲ್ಲಿಕಾರ್ಜುನ ಮನ್ಸೂರರ ಧ್ವನಿಮುದ್ರಿಕೆಯಲ್ಲಿ ದನಿ ಏರಿದಾಗಲೂ ತಂಬೂರಿ ಹಿಂದೆ ಬೇರೆಯಾಗಿಯೇ ಕೇಳಬೇಕು. ಇಳಯರಾಜಾ ಸಂಗೀತದ ‘ಗೀತಾ’ (1981) ಚಿತ್ರದ ಹಾಡುಗಳಲ್ಲಿ ಬೇಸ್ ಗಿಟಾರ್‌ನ ಒಂದೊಂದು ಸ್ವರವನ್ನೂ ಹಿಂಬಾಲಿಸಲು ಆಗಬೇಕು. ಹಳೆಯ ಮೋನೋ ಹಾಡು ತಲೆಯ ನಟ್ಟನಡುವೆ ನಿಲ್ಲಬೇಕು. ಪಕ್ಕಕ್ಕೆ ವಾಲಿದರೆ, ಎಡ ಬಲ ಅದಲುಬದಲು ಮಾಡಿ ಹಾಕಿಕೊಳ್ಳಿ. ವಾಲುವಿಕೆಯೂ ಬದಲಾದರೆ ದೋಷ ಹೆಡ್‌ಫೋನ್‌ನದ್ದು. ಸೆಕೆಂಡ್ ಹ್ಯಾಂಡ್ ಆದರೆ ಕಿವಿ ಪ್ಯಾಡ್ ನೋಡಿ, ಸವೆದ ಪ್ಯಾಡ್ ದನಿಯನ್ನೇ ಬದಲಿಸುತ್ತೆ.

ಕೊನೆಗೆ, ನಿಶ್ಶಬ್ದ

2000ದ ಶಬ್ದ ಮಾಲಿನ್ಯ ನಿಯಮಗಳ ಪ್ರಕಾರ ವಸತಿ ಪ್ರದೇಶದ ಮಿತಿ ಹಗಲು 55 ಡೆಸಿಬಲ್, ರಾತ್ರಿ ಹತ್ತರಿಂದ ಬೆಳಗ್ಗೆ ಆರರವರೆಗೆ 45. ರಸ್ತೆ ಬದಿಯ ಬಾಡಿಗೆ ಮನೆಯಲ್ಲಿರುವವರಿಗೆ ಇದು ಕಾಗದದ ಸಂಖ್ಯೆ. ಹೊರಗಿನ ಸದ್ದು ಮೀರಿಸಲು ಅವರು ವಾಲ್ಯೂಮ್ ಏರಿಸುತ್ತಾರೆ, ಪೆಟ್ಟು ಬೀಳೋದು ಕಿವಿಗೆ. ವಿಶ್ವ ಆರೋಗ್ಯ ಸಂಸ್ಥೆ ಹೇಳುವ ಸುರಕ್ಷಿತ ಮಿತಿ 80 ಡೆಸಿಬಲ್‌ನಲ್ಲಿ ವಾರಕ್ಕೆ 40 ಗಂಟೆ. 90ಕ್ಕೆ ಏರಿದರೆ ಬರೀ 4 ಗಂಟೆ.

ಹಾಗಾಗಿ ಮನೆ ಗದ್ದಲದಲ್ಲಿದ್ದರೆ ಓಪನ್ ಬ್ಯಾಕ್ ಬೇಡ, ಮುಚ್ಚಿದ ಕಪ್ಪಿನದ್ದೇ ತಗೊಳ್ಳಿ. ಜೊತೆಗೆ ಇದೂ ನೆನಪಿರಲಿ: ಶಬ್ದ ಮಿತಿಗಿಂತ 10 ಡೆಸಿಬಲ್ ಅಥವಾ ಹೆಚ್ಚು ಮೀರಿದರೆ ಯಾರು ಬೇಕಾದರೂ ದೂರು ಕೊಡಬಹುದು ಅನ್ನುತ್ತೆ ಅದೇ ನಿಯಮ. ನಿಶ್ಶಬ್ದ ದೊಡ್ಡ ಕಾಂಪೌಂಡಿನ ಮನೆಯವರ ಸೊತ್ತಲ್ಲ, ಕೇಳಿ ಪಡೆಯಬೇಕಾದ ಹಕ್ಕು.